ಅಪರೂಪದ ಕಾರು, ಅಗ್ಗದ ಕಾರು

ಹಳೆಯ ಮನೆ, ಹಳೆಯ ಪುಸ್ತಕ, ಹಳೆಯ ತಂಬೂರಿ ಇವನ್ನು ಹುಡುಕಿ ಕೊಂಡವನನ್ನು ಲೋಕ ರಸಿಕನೆಂದು ಕರೆಯುತ್ತದೆ. ಹಳೆಯ ಕಾರನ್ನು ಕೊಂಡವನಿಗೆ ಮಾತ್ರ ಆ ಗೌರವ ಸಲ್ಲುವುದಿಲ್ಲ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ವಯಸ್ಸಿನಲ್ಲಿ ಅರುವತ್ತನ್ನು ಸಮೀಪಿಸಿದ ಕಾರೊಂದನ್ನು ತರುವೆನೆಂದು ನಾನು ಮನೆಯಲ್ಲಿ ತಿಳಿಸಿದಾಗ, ನನ್ನಾಕೆ ಹಚ್ಚುತ್ತಿದ್ದ ಹುರುಳಿಕಾಯಿಯಿಂದ ತಲೆಯೆತ್ತದೆ, "ನಮ್ಮಿಬ್ಬರಿಗೆ ಔಷಧಿ ತರೋದು ಸಾಲದು ಅಂತ, ಇನ್ನು ಅದಕ್ಕೂ ತರಬೇಕೇನು?" ಎಂದಳು.

ಆ ಮಾತಿನಲ್ಲಿ ಹಾಸ್ಯಕ್ಕಿಂತ ವಿವೇಕವೇ ಹೆಚ್ಚಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಹಳೆಯ ಕಾರಿನ ಆಯ್ಕೆಯಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ಇದಕ್ಕೆ ಔಷಧಿ ಎಲ್ಲಿ ಸಿಕ್ಕೀತು? ಕೊಡುವ ವೈದ್ಯನಾರು?

ಹಳೆಯ ಕಾರೆಂದೊಡನೆ ಅರಮನೆಗಳ ರೋಲ್ಸ್ ರಾಯ್ಸುಗಳು ಕಣ್ಣಿಗೆ ಕಟ್ಟುವುದು ಸಹಜ. ಅವು ಬೇರೆಯೇ ಲೋಕದವು. ಅವನ್ನು ನೋಡಿ ಸಂತೋಷಪಡುವುದಕ್ಕೆ ನಮಗೆ ಯಾರ ಅಡ್ಡಿಯೂ ಇಲ್ಲ. ನಾನು ಹೇಳಹೊರಟಿರುವುದು ಮಧ್ಯಮವರ್ಗದವನ ಕೈಗೆಟುಕುವ, ಆದರೂ ಎಲ್ಲರ ಮನೆಯ ಮುಂದೆ ಕಾಣಸಿಗದ ಕಾರಿನ ವಿಷಯ. ಅಪರೂಪವೂ ಆಗಿರಬೇಕು, ಅಗ್ಗವೂ ಆಗಿರಬೇಕು. ಈ ಎರಡು ಗುಣಗಳು ಒಂದೆಡೆ ಕೂಡಿದಾಗ ನಾವು ಹಿಗ್ಗುವ ಬದಲು ಸ್ವಲ್ಪ ಎಚ್ಚರಗೊಳ್ಳಬೇಕು. ಅಪರೂಪದ ಕಾರು ಅಗ್ಗವಾಗಿ ದೊರೆಯುವುದು ಬಹುಮಟ್ಟಿಗೆ ಒಂದೇ ಕಾರಣದಿಂದ: ಅದರ ಬಿಡಿಭಾಗಗಳೂ ಅಷ್ಟೇ ಅಪರೂಪವಾಗಿರುತ್ತವೆ. ರಸ್ತೆಯಲ್ಲಿ ಅಪರೂಪವಾಗಿರುವುದು ಬೇರೆ, ಅಂಗಡಿಯಲ್ಲಿ ಅಪರೂಪವಾಗಿರುವುದು ಬೇರೆ. ಮೊದಲನೆಯದು ಕಾರಿನ ಸೊಗಸು, ಎರಡನೆಯದು ಅದರ ಮರಣ. ಮೊದಲನೆಯ ಗುಣವಿದ್ದು ಎರಡನೆಯದಿಲ್ಲದ ಕಾರುಂಟೇ ಎಂದು ಒಂದು ವರ್ಷ ಹುಡುಕಿದೆ.

ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಮೇಲಿನ ಮೂರು ದಶಕಗಳಲ್ಲಿ ಕಾರು ಕೊಳ್ಳುವವನಿಗೆ ಇದ್ದ ದಾರಿಗಳು ಮುಖ್ಯವಾಗಿ ಮೂರೇ. ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್, ಮದರಾಸಿನ ಸ್ಟಾಂಡರ್ಡ್. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರ ವರೆಗೆ ಹುಟ್ಟುತ್ತಲೇ ಇತ್ತು. ಫಿಯಟ್ ಮುಂದೆ ಪದ್ಮಿನಿ ಎಂಬ ಹೆಸರನ್ನು ತಾಳಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನ ತನಕ ದುಡಿಯಿತು. ಇವೆರಡಕ್ಕೂ ಬಿಡಿಭಾಗಗಳ ಕೊರತೆ ದೊಡ್ಡದಲ್ಲ, ಬಲ್ಲ ಮಿಸ್ತ್ರಿಗಳೂ ಇದ್ದಾರೆ. ಮೊದಲ ಬಾರಿಗೆ ಹಳೆಯ ಕಾರು ಕೊಳ್ಳುವವರು ಇವುಗಳಲ್ಲೊಂದನ್ನು ತಂದರೆ ನಾನು ಆಕ್ಷೇಪಿಸಲಾರೆ. ಆದರೆ ಅಪರೂಪವೆನ್ನಲಾದೀತೆ? ಅಲ್ಲದೆ ಇವೆರಡರಲ್ಲೂ ಒಂದು ಕಷ್ಟವಿದೆ. ಇವುಗಳಿಗೆ ಬೇರೆಯಾದ ಚಾಸಿಯಿಲ್ಲ, ಒಡಲೇ ಎಲುಬು. ನೆಲದ ತಗಡಿಗೋ ಬಾಗಿಲಿನ ಕೆಳಗಿನ ಪಟ್ಟಿಗೋ ತುಕ್ಕು ಹಿಡಿದರೆ ಕೆಟ್ಟದ್ದು ಅಂದವಷ್ಟೇ ಅಲ್ಲ, ಬೆನ್ನುಮೂಳೆಯೂ ಕೆಟ್ಟಿತೆಂದು ತಿಳಿಯಬೇಕು.

ಬೆಂಗಳೂರಿನ ಅಭಿಮಾನವುಳ್ಳ ಗೆಳೆಯರೊಬ್ಬರು ಡಾಲ್ಫಿನ್ನನ್ನು ಸೂಚಿಸಿದರು. ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ: 1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಹೊರತಂದ ಪುಟ್ಟ ಕಾರು ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರೇ ಅದರ ಮೂಲ. 848 ಸಿ.ಸಿ.ಯ ಅಲ್ಯುಮಿನಿಯಂ ಇಂಜಿನ್, ಎರಡು ಬಾಗಿಲು, ಒಡಲೆಲ್ಲ ಫೈಬರ್ ಗ್ಲಾಸ್. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ಡಾಲ್ಫಿನ್ನಿನ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಫೈಬರಿನ ಒಡಲಿಗೆ ತುಕ್ಕಿನ ಭಯವಿಲ್ಲವೆಂದು ಜನ ಮರುಳಾಗುವುದುಂಟು. ಒಡಲಿನ ಕೆಳಗಿರುವುದು ಉಕ್ಕಿನ ಚಾಸಿಯೇ. ಮೇಲೆ ಎಲ್ಲವೂ ನುಣುಪಾಗಿ ಹೊಳೆಯುತ್ತಿದ್ದರೂ ಅದು ಒಳಗೊಳಗೇ ಸವೆದುಹೋಗಿರಬಹುದು. ಆ ಕಾರಿನ ಮೇಲೆ ನನಗೆ ಪ್ರೀತಿಯಿದೆ. ಆದರೆ ಕೊಳ್ಳುವುದಕ್ಕೆ ಒಂದು ಬೇಕಲ್ಲ! ನಾನು ಕಂಡವು ಎರಡೇ. ಒಂದರ ಹೊಟ್ಟೆಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

ಹೀಗೆ ಸುತ್ತಿ ಸುಳಿದು ನಾನು ಬಂದು ನಿಂತದ್ದು ಮದರಾಸಿನ ಸ್ಟಾಂಡರ್ಡ್ ಹೆರಾಲ್ಡಿನ ಮುಂದೆ. ಇದರ ಜನ್ಮವೃತ್ತಾಂತವನ್ನು ಕೊಂಚ ವಿವರವಾಗಿ ಹೇಳಬೇಕು. ಏಕೆಂದರೆ ಈ ಕಾರಿನ ಗುಣಗಳೆಲ್ಲ ಅದರ ಹುಟ್ಟಿನ ಬಡತನದಿಂದ ಬಂದವು.

ಇಂಗ್ಲೆಂಡಿನ ಕವೆಂಟ್ರಿಯ ಸ್ಟಾಂಡರ್ಡ್ ಟ್ರಯಂಫ್ ಸಂಸ್ಥೆ ಕಾರಿನ ಒಡಲುಗಳನ್ನು ಹೊರಗಿನವರಿಂದ ಮಾಡಿಸುತ್ತಿತ್ತು. ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು 1953ರಲ್ಲಿ ಅದರ ಪ್ರತಿಸ್ಪರ್ಧಿಗಳೇ ಕೊಂಡುಬಿಟ್ಟರು. ಹೊಸ ಕಾರಿಗೆ ಏಕಾಂಗದ ಒಡಲನ್ನು ಅಚ್ಚೊತ್ತಿಕೊಡುವವರು ಇಲ್ಲವಾದರು. ಆಗ ಎಂಜಿನಿಯರುಗಳು ಹಳೆಯ ಕಾಲಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಗಟ್ಟಿಯಾದ ಚಾಸಿಯನ್ನು ಬೇರೆಯಾಗಿ ಮಾಡಿ, ಒಡಲನ್ನು ತುಂಡುತುಂಡಾಗಿ ಬೇರೆಬೇರೆ ಕಡೆ ತಯಾರಿಸಿ, ಎಲ್ಲವನ್ನೂ ಅದರ ಮೇಲೆ ಬೋಲ್ಟುಗಳಿಂದ ಬಿಗಿದರು. ಇಟಲಿಯ ಜೊವಾನ್ನಿ ಮಿಕೆಲೋತ್ತಿ ಎಂಬ ಕುಶಲಿ ಅದಕ್ಕೆ ರೂಪು ಕೊಟ್ಟ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂದಿತು. ಬ್ರಿಟನ್ನಿನಲ್ಲಿ 1971ರ ವರೆಗೆ ಅದರ ತಯಾರಿಕೆ ನಡೆದು, ಐದು ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದವು. ಮದರಾಸಿನಲ್ಲಿ 1960ರ ದಶಕದ ಆರಂಭದಿಂದಲೇ ಅದು ಸ್ಟಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗತೊಡಗಿತು. ಇಂಜಿನ್ ಸ್ಟಾಂಡರ್ಡ್ ಟೆನ್ ಕಾರಿನ 948 ಸಿ.ಸಿ.ಯದು.

ಒಡಲನ್ನು ತುಂಡುಗಳಲ್ಲಿ ಜೋಡಿಸಿದ್ದರಿಂದ ಮಳೆಗಾಲದಲ್ಲಿ ಸಂದುಗಳಿಂದ ನೀರು ಒಳಗೆ ಬರುವುದುಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆಟ್ಟ ತುಂಡನ್ನು ಬಿಚ್ಚಿ ಬೇರೆಯದನ್ನು ಕೂಡಿಸಬಹುದು. ಮುಂಭಾಗದ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮೊಸಳೆಯ ದವಡೆಯಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮುಂದಿನ ಚಕ್ರದ ಟೈರಿನ ಮೇಲೆ, ಜಗಲಿಯ ಮೇಲೆ ಕುಳಿತಂತೆ ಕುಳಿತು ಇಂಜಿನ್ನಿನ ಕೆಲಸ ಮಾಡಬಹುದು. ಸೊಂಟ ಹಿಡಿಯುವ ವಯಸ್ಸಿನವನಿಗೆ ಇದರ ಬೆಲೆ ಗೊತ್ತು. ಇನ್ನು ತಿರುಗುವ ಚಾತುರ್ಯ: ಕೇವಲ 25 ಅಡಿ ವ್ಯಾಸದ ವೃತ್ತದಲ್ಲಿ ಈ ಕಾರು ಮಗ್ಗುಲಾಗಬಲ್ಲದು. ಅಂಬಾಸಿಡರಿನವರು ಹಿಂದೆ ಮುಂದೆ ಎಳೆದಾಡುವ ಓಣಿಯಲ್ಲಿ ಹೆರಾಲ್ಡಿನವನು ಒಂದೇ ಸುತ್ತಿಗೆ ತಿರುಗಿಸಿ ಹೊರಟುಹೋಗಿರುತ್ತಾನೆ.

ಬ್ರಿಟಿಷರಿಗೆ ಎರಡು ಬಾಗಿಲು ಸಾಕಾಗಿತ್ತು. ಅತ್ತೆ ಮಾವ ಮಕ್ಕಳೊಡನೆ ಹೊರಡುವ ನಮಗೆ ಸಾಲಲಿಲ್ಲ. ಆದ್ದರಿಂದ 1960ರ ದಶಕ ಮುಗಿಯುವ ಹೊತ್ತಿಗೆ ಮದರಾಸಿನವರು ನಾಲ್ಕು ಬಾಗಿಲಿನ ಹೆರಾಲ್ಡನ್ನು ತಾವೇ ರೂಪಿಸಿದರು. 1972ರಲ್ಲಿ ಅದರ ಮುಂದಿನ ಪೀಳಿಗೆಯಾಗಿ ಗೆಜೆಲ್ ಬಂದಿತು. ಕೊಳ್ಳುವವರು ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ನಾಲ್ಕು ಬಾಗಿಲಿನದು ಲೋಕದಲ್ಲಿ ಬೇರೆಲ್ಲೂ ಇಲ್ಲದ ಕಾರು, ಆದ್ದರಿಂದ ಹೆಚ್ಚು ಅಪರೂಪ. ಅದೇ ಕಾರಣದಿಂದ ಅದರ ಹಿಂಬಾಗಿಲೊಂದು ಜಖಂಗೊಂಡರೆ ಬದಲಿ ಬಾಗಿಲು ಲೋಕದಲ್ಲಿ ಬೇರೆಲ್ಲೂ ಸಿಕ್ಕದು. ಎರಡು ಬಾಗಿಲಿನದಾದರೋ ಬ್ರಿಟನ್ನಿನ ಕಾರಿನ ಒಡಹುಟ್ಟು. ಅಲ್ಲಿ ಹೆರಾಲ್ಡಿನ ಚಾಸಿಯನ್ನೇ ಕುಗ್ಗಿಸಿ ಸ್ಪಿಟ್‌ಫೈರ್ ಎಂಬ ಕ್ರೀಡಾ ಕಾರನ್ನು 1962ರಿಂದ 1980ರ ತನಕ ಮಾಡಿದರು. ಈ ಇಂಜಿನ್ನಿನ ವಂಶ ಬೆಳೆದು ದೊಡ್ಡದಾಗಿ ಎಂ.ಜಿ. ಮಿಜೆಟ್ಟಿನ ಒಡಲನ್ನೂ ಸೇರಿತು. ಮುಂಗಾಲಿನ ಕೀಲನ್ನು ಲೋಟಸ್ ಎಲಾನ್ ಸಹ ಎರವಲು ಪಡೆಯಿತು. ಆ ಕ್ರೀಡಾ ಕಾರುಗಳ ಮೇಲೆ ಬ್ರಿಟಿಷರಿಗಿರುವ ಮೋಹದಿಂದಾಗಿ, ನಮ್ಮ ಬಡ ಹೆರಾಲ್ಡಿಗೆ ಬೇಕಾದ ಬ್ರೇಕಿನ ರಬ್ಬರು, ಕೀಲು, ನೀರಿನ ಪಂಪು ಮೊದಲಾದ ಎಷ್ಟೋ ವಸ್ತುಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ರಸ್ತೆಯಲ್ಲಿ ಅಪರೂಪ, ಅಂಗಡಿಯಲ್ಲಿ ಲಭ್ಯ. ಅಂಗಡಿ ಸ್ವಲ್ಪ ದೂರದಲ್ಲಿದೆ, ಅಷ್ಟೆ.

ಕಾರನ್ನು ನೋಡಲು ಹೊರಡುವಾಗ ಜೊತೆಗೊಬ್ಬ ಬಲ್ಲವರಿರಬೇಕು. ನನಗೆ ದೊರೆತವರು ಮೈಸೂರಿನ ಮಂಡಿ ಮೊಹಲ್ಲಾದ ವೃದ್ಧ ಮಿಸ್ತ್ರಿಯೊಬ್ಬರು. ನಾವೆಲ್ಲ ಅವರನ್ನು ಸಾಹೇಬರೆಂದೇ ಕರೆಯುವುದು. ಹುಡುಗನಾಗಿದ್ದಾಗ ಹೆರಾಲ್ಡುಗಳಿಗೆ ನೀರು ತುಂಬಿ ಕೆಲಸ ಕಲಿತವರು. ಮೊದಲು ನಾವು ನೋಡಿದ್ದು ಬೆಂಗಳೂರಿನಲ್ಲಿ, ಮದುವಣಗಿತ್ತಿಯಂತೆ ಸಿಂಗರಿಸಿ ನಿಲ್ಲಿಸಿದ್ದ ಕೆಂಪು ಬಣ್ಣದ ಕಾರು. ನಾನು ಮನಸೋತಿದ್ದೆ. ಸಾಹೇಬರು ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಅಯಸ್ಕಾಂತವನ್ನು ತೆಗೆದು ಬಾಗಿಲಿನ ಕೆಳಭಾಗಕ್ಕೆ ಹಿಡಿದರು. ಅಂಟಲಿಲ್ಲ. ಇನ್ನೊಂದೆಡೆ ಹಿಡಿದರು, ಅಲ್ಲೂ ಅಂಟಲಿಲ್ಲ. "ಸ್ವಾಮಿ, ಇದು ಕಾರಲ್ಲ, ಪುಟ್ಟಿ. ಗಣಪತಿ ಮಾಡೋರು ಇಷ್ಟು ಚೆನ್ನಾಗಿ ಮಾಡಲ್ಲ" ಎಂದು ಹೊರಟೇಬಿಟ್ಟರು.

ಮಲೆನಾಡಿನ ಕಾರೂ ಬೇಡ, ಕರಾವಳಿಯ ಕಾರೂ ಬೇಡ, ಬಯಲುಸೀಮೆಯಲ್ಲಿ ಹುಡುಕಿ ಎಂಬುದು ಅವರ ಸೂತ್ರ. ಮಳೆ ಕಡಮೆಯಾದೆಡೆ ಮನುಷ್ಯನಿಗೆ ಕಷ್ಟ, ತಗಡಿಗೆ ಸುಖ. ಹಾಗೆ ನಮಗೆ ದೊರೆತದ್ದು ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಗೋದಾಮಿನಲ್ಲಿದ್ದ, 1966ರ ಎರಡು ಬಾಗಿಲಿನ ಬೂದುಬಣ್ಣದ ಹೆರಾಲ್ಡು. ಒಡೆಯರ ಮಗ, "ಗುಜರಿಗೆ ಹಾಕೋಣ ಅಂತಿದ್ವಿ ಮೇಷ್ಟ್ರೇ, ನಮ್ಮಪ್ಪಾಜಿ ಬಿಡಲಿಲ್ಲ" ಎಂದ. ಅಪ್ಪಾಜಿ ಮಂಚದ ಮೇಲೆ ಕುಳಿತಿದ್ದರು, ಮಾತು ಕಡಮೆಯಾಗಿತ್ತು. ದೇವರ ಮನೆಯ ಪೆಟ್ಟಿಗೆಯಿಂದ ಆರ್.ಸಿ. ಪುಸ್ತಕವನ್ನು ತರಿಸಿ ನನ್ನ ಕೈಯಲ್ಲಿಟ್ಟರು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳ ನೋಂದಣಿ. ಕಾರು ಓಡದ ವರ್ಷಗಳಲ್ಲೂ ತಪ್ಪದೆ ನವೀಕರಣ ಮಾಡಿಸಿದ್ದರು.

ಕಾಗದಪತ್ರಗಳ ಬಗ್ಗೆ ಇಲ್ಲೇ ಒಂದೆರಡು ಮಾತು. ಒಡೆಯ ತೀರಿಕೊಂಡು, ವಾರಸುದಾರರು ನಾಲ್ಕು ಊರು ಸೇರಿ, ಪುಸ್ತಕ ಕಳೆದುಹೋದ ಕಾರನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ತರಬೇಡಿ. ಅದು ಅಂಗಳದ ಶಿಲ್ಪವಾಗಿ ಉಳಿದೀತು. ಸ್ವಂತ ಕಾರಿನ ನೋಂದಣಿಯನ್ನು 15 ವರ್ಷಗಳ ತರುವಾಯ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. 2021ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ದಾರಿಯನ್ನು ತೆರೆಯಿತು. 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ಹತ್ತು ವರ್ಷಗಳ ಅವಧಿಯ ಪತ್ರ ಪಡೆಯಬಹುದು. ಹಳೆಯ ಸಂಖ್ಯೆಯನ್ನೂ ಉಳಿಸಿಕೊಳ್ಳಬಹುದು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಇಂಥ ಕಾರಣಗಳಿಗಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಮಾರುಕಟ್ಟೆಗೆ ಹೋಗಿ ಸೊಪ್ಪು ತರದ ಕಾರು ನನಗೇಕೆ? ನಾನು ಸಾಮಾನ್ಯ ನೋಂದಣಿಯಲ್ಲೇ ಉಳಿದೆ.

ಕಾರಿಗೆ ನಾನು ಕೊಟ್ಟದ್ದು 80,000 ರೂಪಾಯಿ. ಅಷ್ಟೇ ಹಣವನ್ನು ದುರಸ್ತಿಗೆಂದು ಬೇರೆಯಾಗಿ ತೆಗೆದಿಡಿ ಎಂದು ಸಾಹೇಬರು ಮೊದಲೇ ಹೇಳಿದ್ದರು. ತೆಗೆದಿಟ್ಟೆ. ಖರ್ಚು ಮಾಡುವ ಕ್ರಮದಲ್ಲಿ ಮಾತ್ರ ಅವರ ಮಾತನ್ನು ಮೀರಿದೆ. "ಮೊದಲು ಕಾಲು ನೋಡೋಣ, ಬಣ್ಣ ಆಮೇಲೆ" ಎಂದಿದ್ದರು. ನನಗೆ ಬಣ್ಣದ ಆತುರ. ನೆಂಟರಿಷ್ಟರು ನಗುವ ಮೊದಲೇ ಕಾರು ಹೊಳೆಯಬೇಕಾಗಿತ್ತು. ಬೂದುಬಣ್ಣಕ್ಕೆ ಹೊಸ ಬೂದುಬಣ್ಣ ಬಳಿಸಿ, ಸೀಟು ಹೊಲಿಸಿ, ಹಣ ಮುಗಿಸಿದೆ.

ಮೂರನೆಯ ತಿಂಗಳು. ದೇವರಾಜ ಮಾರುಕಟ್ಟೆಯ ಬಳಿ, ಹೆಮ್ಮೆಯಿಂದ ಆ 25 ಅಡಿಯ ಸುತ್ತನ್ನು ತಿರುಗಿಸುತ್ತಿದ್ದೆ. ವೇಗ ನಡಿಗೆಗಿಂತ ಹೆಚ್ಚಿರಲಿಲ್ಲ. ಕಬ್ಬು ಮುರಿದಂಥ ಸದ್ದಾಯಿತು. ಕಾರಿನ ಎಡಮೂಲೆ ನೆಲಕ್ಕೆ ಕುಸಿಯಿತು. ಇಳಿದು ನೋಡಿದರೆ ಮುಂದಿನ ಎಡಚಕ್ರ ಮುರಿದ ಕಾಲಿನಂತೆ ಮಡ್‌ಗಾರ್ಡಿನ ಕೆಳಗೆ ಮಡಿಸಿಕೊಂಡಿತ್ತು. ಪಕ್ಕದಲ್ಲಿ ಹೂವಿನ ಬುಟ್ಟಿಯೊಡನೆ ನಿಂತಿದ್ದ ನನ್ನಾಕೆ ಏನೂ ಅನ್ನಲಿಲ್ಲ. ಹಿಂದಿನ ದಿನ ಸಂಜೆಯಷ್ಟೇ ಮೊಮ್ಮಗಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟವನ್ನು ಇಳಿದಿದ್ದೆ. ಆ ಇಳಿಜಾರಿನ ತಿರುವುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಆ ರಾತ್ರಿ ನಿದ್ರೆ ಬರಲಿಲ್ಲ.

ನಡೆದದ್ದೇನೆಂಬುದನ್ನು ಸಾಹೇಬರು ಮರುದಿನ ನೆಲದ ಮೇಲೆ ಗೋಣಿಚೀಲ ಹಾಸಿ ತೋರಿಸಿಕೊಟ್ಟರು. ಹೆರಾಲ್ಡಿನ ಮುಂದಿನ ಚಕ್ರವನ್ನು ಹಿಡಿದ ಉಕ್ಕಿನ ಕಂಬದ ಕೆಳತುದಿಯಲ್ಲಿ ತಿರುಪಿನ ಮರೆಗಳಿವೆ. ಆ ತುದಿ ಕಂಚಿನದೊಂದು ಕೀಲಿನೊಳಗೆ ತಿರುಪಿನಂತೆ ಕುಳಿತಿರುತ್ತದೆ. ಅದಕ್ಕೆ ಟ್ರನಿಯನ್ ಎಂದು ಹೆಸರು. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಉಕ್ಕು ಕಂಚಿನೊಳಗೆ ತಿರುಗುತ್ತದೆ. ಕಾರಿನ ಭಾರವೂ ಅದರ ಮೇಲೆಯೇ. ಈ ಕೀಲಿಗೆ ಹಾಕಬೇಕಾದದ್ದು ಗ್ರೀಸ್ ಅಲ್ಲ, ಗಿಯರಿನ ಗಟ್ಟಿ ಎಣ್ಣೆ. ತಯಾರಕರ ಕೈಪಿಡಿಯಲ್ಲೇ ಆ ಮಾತಿದೆ. ಆದರೆ ಗ್ರೀಸ್ ಗನ್ನು ಕೈಯಲ್ಲಿರುವವನಿಗೆ ಗ್ರೀಸನ್ನೇ ತುಂಬುವ ಚಪಲ. ಗ್ರೀಸು ಮರೆಗಳ ಆಳಕ್ಕೆ ಇಳಿಯದು. ವರ್ಷಗಳು ಕಳೆದಂತೆ ಒಣಗಿ ಮೇಣವಾಗುತ್ತದೆ. ಸಂದಿನಲ್ಲಿ ನೀರು ನಿಂತು ಉಕ್ಕನ್ನು ತಿನ್ನುತ್ತದೆ. ಕೀಲು ಬಿಗಿಯುತ್ತದೆ, ಬಿಗಿದ ಕೀಲನ್ನು ಪೂರಾ ತಿರುಗಿಸಿದ ದಿನ ಕಂಬ ಮರೆಗಳ ಬಳಿ ಮುರಿಯುತ್ತದೆ. ಮುರಿದ ತುಂಡನ್ನು ಸಾಹೇಬರು ಬೆಳಕಿಗೆ ಹಿಡಿದರು. ಮುಕ್ಕಾಲು ಭಾಗ ಕಂದು, ಕಾಲು ಭಾಗ ಮಾತ್ರ ಹೊಸ ಬೆಳ್ಳಿ. ಆ ಕಾಲು ಭಾಗದ ಮೇಲೆ ನಾನು ಮೂರು ತಿಂಗಳು ಓಡಾಡಿದ್ದೆ. ಬಣ್ಣಕ್ಕೆ ಕೊಟ್ಟ ಹಣದ ಸಣ್ಣದೊಂದು ಭಾಗದಲ್ಲಿ ಎರಡೂ ಬದಿಯ ಕೀಲುಗಳನ್ನು ಬಿಚ್ಚಿ ನೋಡಬಹುದಾಗಿತ್ತು.

ಬಿಡಿಭಾಗಗಳನ್ನು ಬ್ರಿಟನ್ನಿನಿಂದ ತರಿಸಿದೆ. ಮಗಳು ತರಿಸಿಕೊಟ್ಟಳೆಂದರೆ ಸರಿ. ಮೂರು ವಾರಕ್ಕೆ ಕಾಯಿಗಿಂತ ದೊಡ್ಡದಲ್ಲದ ಪೊಟ್ಟಣ ಬಂದಿತು, ಸುಂಕವನ್ನೂ ಕಟ್ಟಿದೆವು. ಬಿಚ್ಚಿದರೆ ಎರಡೂ ಕೀಲುಗಳು ಬಲಬದಿಯವೇ! ಎಡದ ತಿರುಪು ಬಲದ ತಿರುಪಿಗೆ ವಿರುದ್ಧ ದಿಕ್ಕಿನದೆಂಬುದು ನನಗಾಗಲಿ ಮಗಳಿಗಾಗಲಿ ಹೊಳೆದಿರಲಿಲ್ಲ. ಇನ್ನೂ ಮೂರು ವಾರ ಕಾಯಬೇಕಾಯಿತು. ಪದ್ಮಿನಿಯ ಒಡೆಯನಾಗಿದ್ದರೆ ಇಂಥ ತಪ್ಪನ್ನು ಅಂಗಡಿಗೆ ಎರಡನೆಯ ಸಲ ನಡೆದು ತಿದ್ದಿಕೊಳ್ಳುತ್ತಿದ್ದೆ. ಅಪರೂಪಕ್ಕೆ ತೆರಬೇಕಾದ ಬೆಲೆ ಹಣಕ್ಕಿಂತ ಹೆಚ್ಚಾಗಿ ಕಾಯುವಿಕೆಯ ರೂಪದಲ್ಲಿದೆ. ಇದಕ್ಕೆ ಒಗ್ಗದವರು, ಕಾರಿಲ್ಲದೆ ನಿತ್ಯದ ಕೆಲಸ ಸಾಗದವರು ಇಂಥ ಕಾರನ್ನು ಮನೆಯ ಏಕಮಾತ್ರ ವಾಹನವಾಗಿ ಇಟ್ಟುಕೊಳ್ಳಬಾರದು.

ಹಿಂದಿನ ಚಕ್ರಗಳ ವಿಷಯದಲ್ಲೂ ಒಂದು ಎಚ್ಚರಿಕೆಯಿದೆ. ಹೆರಾಲ್ಡಿನ ಹಿಂಚಕ್ರಗಳು ಹಕ್ಕಿಯ ರೆಕ್ಕೆಗಳಂತೆ ಬೇರೆಬೇರೆಯಾಗಿ ತೂಗುತ್ತವೆ. ತಿರುವಿನಲ್ಲಿ ವೇಗವಾಗಿ ನುಗ್ಗಿ, ಹೆದರಿ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೊರಚಕ್ರ ಒಳಮಡಿಸಿಕೊಂಡು ಕಾರು ಜಾರೀತು. ಗೆಜೆಲ್ಲಿನಲ್ಲಿ ಇದನ್ನು ತೆಗೆದು ಗಟ್ಟಿ ಅಚ್ಚನ್ನಿಟ್ಟರು. ನಿಧಾನವಾಗಿ ಓಡಿಸುವವರಿಗೆ ಎರಡೂ ಒಂದೇ.

ಪೆಟ್ರೋಲಿನ ಮಾತನ್ನೂ ಬಿಡುವಂತಿಲ್ಲ. ಈ ಇಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ವಾಲ್ವುಗಳು ಕೂರುವ ಅಂಚುಗಳನ್ನು ಸವೆಯದಂತೆ ಸೀಸ ಕಾಪಾಡುತ್ತಿತ್ತು. 2000ದಲ್ಲಿ ನಮ್ಮ ದೇಶ ಸೀಸವನ್ನು ಕೈಬಿಟ್ಟಿತು. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದದ್ದೇ. ಆದ್ದರಿಂದ ಇಂಜಿನ್ನಿನ ತಲೆಯನ್ನು ಇಳಿಸಿದಾಗ ಗಟ್ಟಿ ಉಕ್ಕಿನ ಬಳೆಗಳನ್ನು ಆ ಅಂಚುಗಳಿಗೆ ಕೂರಿಸುವುದು ಮೇಲು. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ತುಕ್ಕೇಳಿಸುತ್ತದೆ. ಪೆಟ್ರೋಲಿನ ಕೊಳವೆಗಳನ್ನೆಲ್ಲ ಈ ಕಾಲದ ರಬ್ಬರಿಗೆ ಬದಲಾಯಿಸಿಬಿಡಿ. ಸೋರಿದ ಪೆಟ್ರೋಲು ಬಿಸಿ ಇಂಜಿನ್ನಿನ ಮೇಲೆ ಬೀಳುವುದನ್ನು ನೋಡಿ ಕಲಿಯುವ ಅಗತ್ಯವಿಲ್ಲ.

ಕಾರು ಮತ್ತೆ ನಾಲ್ಕು ಕಾಲಿನ ಮೇಲೆ ನಿಂತ ದಿನ ನಾನು ಸಾಹೇಬರಿಗೆ, "ನೀವಿರುವ ತನಕ ನನಗೇನೂ ಭಯವಿಲ್ಲ" ಎಂದೆ. ಅವರು ಕೈ ಒರೆಸಿಕೊಳ್ಳುತ್ತ, "ಅದೇ ಸ್ವಾಮಿ ಭಯ. ನನಗೆ ಎಪ್ಪತ್ತಾರು. ಮೊಮ್ಮಗ ಕರೆಂಟ್ ಸ್ಕೂಟರ್ ರಿಪೇರಿ ಮಾಡ್ತಾನೆ, ಈ ಕಡೆ ತಿರುಗಿ ನೋಡಲ್ಲ. ನೀವೇ ಕಲಿಯಿರಿ" ಎಂದು ಗನ್ನನ್ನು ನನ್ನ ಕೈಗಿತ್ತರು. ಅದರೊಳಗೆ ಗ್ರೀಸಿರಲಿಲ್ಲ, ಎಣ್ಣೆಯಿತ್ತು. ಮೂವತ್ತೆರಡು ವರ್ಷ ಪಾಠ ಹೇಳಿದವನು ಟೈರಿನ ಮೇಲೆ ಕುಳಿತು ವಿದ್ಯಾರ್ಥಿಯಾದೆ. ಹುಡುಕುವಾಗ ನಾನು ಬಿಡಿಭಾಗಗಳನ್ನು ಲೆಕ್ಕ ಹಾಕಿದ್ದೆ, ಬೆಲೆಯನ್ನು ಲೆಕ್ಕ ಹಾಕಿದ್ದೆ; ಈ ಕೈಗಳ ವಯಸ್ಸನ್ನು ಲೆಕ್ಕ ಹಾಕಿರಲಿಲ್ಲ. ಮನೆಯಂಗಳದಲ್ಲಿ ಕೂತು ತಾನೇ ಬಿಚ್ಚಿ ತಾನೇ ಕೂಡಿಸಲು ಕಲಿಯಬಹುದಾದಷ್ಟು ಸರಳವಾದ ಕಾರೇ ನನಗೆ ಒದಗಿದ್ದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ.

ಈಗ ಎರಡು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ಮುಂದಿನ ಚಕ್ರಗಳನ್ನು ನೆಲದಿಂದ ಮೇಲೆತ್ತಿ ಆ ಎರಡು ಕೀಲುಗಳಿಗೆ ನಾನೇ ಎಣ್ಣೆ ಒತ್ತುತ್ತೇನೆ. ಮೇಲಿನ ಸಂದಿನಿಂದ ಹೊಸ ಎಣ್ಣೆ ಉಕ್ಕಿ ಕಾಣಿಸುವ ತನಕ ನಿಲ್ಲಿಸಬಾರದು. ಎಡಬದಿಯದು ಬೇಗ ತುಂಬುತ್ತದೆ, ಬಲದ್ದು ಸ್ವಲ್ಪ ಹೊತ್ತು ಸತಾಯಿಸುತ್ತದೆ. ನನ್ನಾಕೆ ಕಾಫಿಯ ಲೋಟ ತಂದು ಬಾನೆಟ್ಟಿನ ಅಂಚಿನ ಮೇಲಿಟ್ಟು, "ಔಷಧಿ ಆಯ್ತೇ?" ಎಂದು ಕೇಳಿ ಒಳಗೆ ಹೋಗುತ್ತಾಳೆ.